ಹೇರಳೆ ಎಲೆಯ ಪುಡಿ

ಮೊಸರನ್ನಕ್ಕೆ ಉಪ್ಪಿನಕಾಯಿಯೇ ಜೊತೆ ಎಂದು ಹಟ ಹಿಡಿಯುವವರೊಡನೆ ನಾನು ವಾದಕ್ಕೆ ಇಳಿಯುವುದಿಲ್ಲ. ಅವರ ಎಲೆಯ ಅಂಚಿಗೆ ಒಂದು ಚಿಟಿಕೆ ಹೇರಳೆ ಎಲೆಯ ಪುಡಿ ಬಡಿಸಿ ಸುಮ್ಮನಾಗುತ್ತೇನೆ. ತಿರುವನಂತಪುರದ ಅಗ್ರಹಾರಗಳಲ್ಲೂ ಪಾಲಕ್ಕಾಡಿನ ಮನೆಗಳಲ್ಲೂ ಹಸಿ ಎಲೆ ಕುಟ್ಟಿ ಉಂಡೆ ಕಟ್ಟಿದರೆ ಅದು ವೇಪ್ಪಿಲಕ್ಕಟ್ಟಿ. ಎಲೆಯನ್ನು ಒಣಗಿಸಿ ಕುಟ್ಟಿದರೆ ಪುಡಿ. ನನ್ನ ಮನಸ್ಸು ಹರಿಯುವುದು ಪುಡಿಯ ಕಡೆಗೇ.

ಒಣ ಸಾಮಾನಿಗೆ ತಿರುವನಂತಪುರದ ಚಾಲೈ ಪೇಟೆಯೇ ಆಗಬೇಕು. ತಿರುವಾಂಕೂರಿನ ದಿವಾನ ರಾಜಾ ಕೇಶವದಾಸ 18ನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದ ಪೇಟೆ ಅದು. ಅಲ್ಲಿನ ಇಕ್ಕಟ್ಟು ಬೀದಿಯಲ್ಲಿ ನಮ್ಮ ಬ್ಯಾಡಗಿಯಂತೆ ಸುಕ್ಕುಗಟ್ಟಿದ, ಕಡುಗೆಂಪಿನ ಪಿರಿಯನ್ ಮುಳಗು ಎಂಬ ಮೆಣಸಿನಕಾಯಿ ಸಿಗುತ್ತದೆ. ಅದಕ್ಕೆ ಖಾರಕ್ಕಿಂತ ಬಣ್ಣದ ಹೆಮ್ಮೆ ಹೆಚ್ಚು. ಓಮವನ್ನು ಅಂಗೈಯಲ್ಲಿ ತಿಕ್ಕಿ, ಮೂಸಿಯೇ ಕೊಳ್ಳಿ. ಇಂಗು ಗಟ್ಟಿಯದಿರಲಿ, ಉಪ್ಪು ಕಲ್ಲುಪ್ಪಿರಲಿ.

ಎಲೆ ಮಾತ್ರ ಹಿತ್ತಿಲದ್ದೇ ಚೆನ್ನ. ತೀರ ಎಳೆಯದು ಕಹಿ, ಬಲಿತದ್ದು ನಾರು. ಎರಡರ ನಡುವಿನ, ಮಿರಮಿರ ಮಿಂಚುವ ಎಲೆ ಕೊಯ್ದು, ತೊಳೆದು, ಒರೆಸಿ, ನಡುವಿನ ದಂಟನ್ನು ಎಳೆದು ತೆಗೆಯಿರಿ. ಆಗಲೇ ಬೆರಳಿಗೆ ಹತ್ತುತ್ತದೆ ಆ ಪರಿಮಳ: ನಿಂಬೆಯ ಹುಳಿಯೆಲ್ಲ ಕಳಚಿ ಬರಿಯ ಸುವಾಸನೆ ಉಳಿದಂತೆ. ಎರಡು ಹಿಡಿ ಹೇರಳೆ ಎಲೆಗೆ ಒಂದು ಹಿಡಿ ಕರಿಬೇವು. ಬಿಳಿ ಪಂಚೆಯ ಮೇಲೆ, ನೆರಳಲ್ಲಿ ಹರಡಿ. ಬಿಸಿಲು ಬೇಡ, ಬಿಸಿಲು ಮೊದಲು ಬಣ್ಣ ಕದಿಯುತ್ತದೆ, ಆಮೇಲೆ ಗಂಧ. ನೆರಳು ನಿಧಾನವಾಗಿ ನೀರನ್ನಷ್ಟೇ ಕೇಳಿ ಪಡೆಯುತ್ತದೆ. ಮುಟ್ಟಿದರೆ ಗರಿಗರಿ, ಮುರಿದರೆ ಇನ್ನೂ ಹಸಿರು: ಅದೇ ಹದ.

ಎಂಟು ಮೆಣಸಿನಕಾಯಿ, ಒಂದು ಚಮಚ ಓಮ, ಕಡಲೆ ಗಾತ್ರದ ಇಂಗು, ಗೋಲಿ ಗಾತ್ರದ ಹುಣಸೆ, ಇವನ್ನು ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಿರಿ. ಉಪ್ಪನ್ನೂ ಹುರಿಯಬೇಕು. ಜೂನ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಮಳೆ ಹಿಡಿಯುವ ಊರು ತಿರುವನಂತಪುರ. ಹಸಿ ಉಪ್ಪು ಗಾಳಿಯ ತೇವವನ್ನು ಭರಣಿಯೊಳಗೆ ಕರೆತರುತ್ತದೆ.

ಇನ್ನು ಒರಳು. ಮೊದಲು ಉಪ್ಪು, ಮೆಣಸಿನಕಾಯಿ, ಬಳಿಕ ಓಮ, ಇಂಗು, ಹುಣಸೆ, ಕೊನೆಗೆ ಎಲೆ. ಮಿಕ್ಸಿಯ ಬಿಸಿಗೆ ಎಲೆಯ ಎಣ್ಣೆ ಆರಿಹೋಗುತ್ತದೆ. ಒರಳಿನಲ್ಲಿ ಒಂದೊಂದು ಪೆಟ್ಟಿಗೂ ಘಮ ಏಳುತ್ತದೆ, ಮೊದಲು ಮೆಣಸಿನ ಘಾಟು, ಹಿಂದೆಯೇ ಓಮದ ಚುರುಕು, ಅದನ್ನೂ ದಾಟಿ, ಮೆಲ್ಲಗೆ, ಮೆಲ್ಲಗೆ, ಹೇರಳೆಯ ತಂಪು. ನುಣ್ಣಗೆ ಮಾಡಬೇಡಿ. ನಾಲಿಗೆಗೆ ಅಲ್ಲೊಂದು ಇಲ್ಲೊಂದು ಎಲೆಯ ಚೂರು ಸಿಗಬೇಕು; ಅದನ್ನು ಹಲ್ಲಿನಡಿ ಒತ್ತಿದಾಗ ಬಿಚ್ಚಿಕೊಳ್ಳುವ ಪರಿಮಳಕ್ಕಾಗಿಯೇ ಇಷ್ಟೆಲ್ಲ ಪಾಡು.

ದೋಸೆಗೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿ. ನೀರು ಮಜ್ಜಿಗೆಗೆ ಉದುರಿಸಿ. ಸಪ್ಪೆ ಎನಿಸಿದ ತೊವ್ವೆಗೆ ಇಳಿಸುವ ಮುನ್ನ ಅರ್ಧ ಚಮಚ ಹಾಕಿ. ಕುಚ್ಚಲಕ್ಕಿ ಗಂಜಿಯ ಜೊತೆಗಂತೂ ಇದಕ್ಕೆ ಸಾಟಿಯಿಲ್ಲ. ಅಂದು ಅಕ್ಕಿಯನ್ನು ಒಂದು ಹಿಡಿ ಹೆಚ್ಚೇ ಹಾಕಿ.