ಕಾಡ್ರಿಯ ಕಠಿಣಪದಕೋಶ: ಒಂದು ವಿಮರ್ಶೆ

ಇಂಗ್ಲಿಷ್ ಪದಗಳಿಗೆ ಇಂಗ್ಲಿಷಿನಲ್ಲಿಯೇ ಅರ್ಥ ಹೇಳುವ ಮೊತ್ತಮೊದಲ ಅಚ್ಚಿನ ನಿಘಂಟೆಂದು ವಿದ್ವಾಂಸರು ಸಾಮಾನ್ಯವಾಗಿ ಗಣಿಸುವ ‘ಎ ಟೇಬಲ್ ಆಲ್ಫಬೆಟಿಕಲ್’ ಕ್ರಿ. ಶ. 1604ರಲ್ಲಿ ಪ್ರಕಟವಾಯಿತು. ಅದರ ಕರ್ತೃವಾದ ರಾಬರ್ಟ್ ಕಾಡ್ರಿ ಪಾದ್ರಿಯೂ ಉಪಾಧ್ಯಾಯನೂ ಆಗಿದ್ದವನು. ಪದಗಳು ಸುಮಾರು 2,500. ಪ್ರಥಮ ಮುದ್ರಣದ ಒಂದೇ ಒಂದು ಪ್ರತಿ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿ ಉಳಿದಿದೆ. ಪರೀಕ್ಷೆಗಳಿಗಾಗಿ ಪ್ರೌಢ ಇಂಗ್ಲಿಷ್ ಪದಗಳ ಪಟ್ಟಿಯನ್ನು ಕಂಠಪಾಠ ಮಾಡುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿ ಇಂದಿಗೂ ಪ್ರಬಲವಾಗಿದೆ. ಆದ್ದರಿಂದ ಆ ಬಗೆಯ ಪಟ್ಟಿಗಳ ಪೂರ್ವಜನೆನ್ನಬಹುದಾದ ಈ ಗ್ರಂಥದ ಗುಣದೋಷಗಳನ್ನು ವಿವೇಚಿಸುವುದು ಅಪ್ರಸ್ತುತವಾಗಲಾರದು.

ಈ ಕೋಶ ಹುಟ್ಟಿದ ಸನ್ನಿವೇಶವನ್ನು ಮೊದಲು ನೆನೆಯಬೇಕು. ಹದಿನಾರನೆಯ ಶತಮಾನದಲ್ಲಿ ಲ್ಯಾಟಿನ್, ಗ್ರೀಕ್, ಫ್ರೆಂಚ್ ಭಾಷೆಗಳಿಂದ ಅಸಂಖ್ಯಾತ ಪದಗಳು ಇಂಗ್ಲಿಷಿಗೆ ಹರಿದುಬಂದುವು. ಲ್ಯಾಟಿನ್ ಶಿಕ್ಷಣದಿಂದ ದೂರವುಳಿದ ಸ್ತ್ರೀಯರಿಗೂ ಸಾಮಾನ್ಯರಿಗೂ ಧರ್ಮಗ್ರಂಥ, ಧರ್ಮೋಪದೇಶಗಳಲ್ಲಿ ಬರುವ ಇಂತಹ ಪದಗಳು ದುರ್ಬೋಧವಾದುವು. ಅವರಿಗಾಗಿಯೇ ತಾನು ಕೋಶವನ್ನು ರಚಿಸಿದುದಾಗಿ ಕಾಡ್ರಿ ಮುಖಪುಟದಲ್ಲಿಯೇ ಸಾರಿದ್ದಾನೆ. ಪದಗಳನ್ನು ಅಕಾರಾದಿಯಾಗಿ ಜೋಡಿಸಿದುದು, ಗ್ರೀಕ್ ಮತ್ತು ಫ್ರೆಂಚ್ ಮೂಲದ ಪದಗಳಿಗೆ ಪ್ರತ್ಯೇಕ ಗುರುತುಗಳನ್ನಿಟ್ಟುದು ಶ್ಲಾಘ್ಯವಾದ ಕೆಲಸ. ನಮ್ಮಲ್ಲಿಯೂ ಎರಡನೆಯ ನಾಗವರ್ಮನು ಕನ್ನಡದಲ್ಲಿ ಬಳಕೆಯಾಗುವ ಸಂಸ್ಕೃತ ಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳಿ ‘ಅಭಿಧಾನವಸ್ತುಕೋಶ’ವನ್ನು ಪದ್ಯರೂಪದಲ್ಲಿ ರಚಿಸಿದುದು ಇದೇ ಬಗೆಯ ಅಗತ್ಯದಿಂದ.

ಆದರೆ ಕಾಡ್ರಿಯ ಪದ್ಧತಿಯಲ್ಲಿ ಮೂಲಭೂತವಾದ ಎರಡು ಕೊರತೆಗಳಿವೆ. ಪದವೊಂದಕ್ಕೆ ಒಂದೆರಡು ಸಮಾನಪದಗಳನ್ನು ಕೊಟ್ಟು ಮುಗಿಸುವುದು ಮೊದಲನೆಯದು. ಕೆಲವು ವಸ್ತುಗಳಿಗಂತೂ ‘ಒಂದು ಬಗೆಯ’ ಎಂಬುದನ್ನು ಸೂಚಿಸುವ ಒಂದೇ ಅಕ್ಷರವನ್ನು ಬಳಸಿ, ಅದು ಪ್ರಾಣಿಯೆಂದೋ ಕಲ್ಲೆಂದೋ ಹೇಳಿ ಮುಂದೆ ಸಾಗುತ್ತಾನೆ. ಆ ಪದವನ್ನು ಯಾರು, ಎಲ್ಲಿ, ಯಾವ ಅಭಿಪ್ರಾಯದಿಂದ ಪ್ರಯೋಗಿಸಿದರೆಂಬುದು ಓದುಗನಿಗೆ ತಿಳಿಯುವುದಿಲ್ಲ. ಎರಡನೆಯ ಕೊರತೆ ಇನ್ನೂ ಗಂಭೀರವಾದುದು. ಅಪರಿಚಿತವಾದ ಪದವೇ ಕಠಿಣ, ಪರಿಚಿತವಾದುದು ಸುಲಭ ಎಂಬ ಗೃಹೀತವೇ ಗ್ರಂಥಕ್ಕೆಲ್ಲ ತಳಹದಿಯಾಗಿದೆ. ಇದರ ಪರಿಣಾಮವನ್ನು ಮುಂದಿನ ಕೋಶಗಳಲ್ಲಿ ಕಾಣಬಹುದು. ಹೆನ್ರಿ ಕಾಕರಂ 1623ರಲ್ಲಿ ಪ್ರಕಟಿಸಿದ ನಿಘಂಟಿನ ಒಂದು ಭಾಗ, ಆಡುಮಾತಿನ ಪದಗಳಿಗೆ ಬದಲಾಗಿ ಬಳಸಬಹುದಾದ ಆಡಂಬರದ ಪದಗಳನ್ನು ಒದಗಿಸುತ್ತದೆ. ದೂರದಿಂದ ತಂದ ವಿಚಿತ್ರ ಪದಗಳ ಮೋಹವನ್ನು ಕಾಡ್ರಿ ತನ್ನ ಪೀಠಿಕೆಯಲ್ಲಿ ಖಂಡಿಸಿದ್ದನು; ಇಪ್ಪತ್ತು ವರ್ಷ ತುಂಬುವುದರೊಳಗೆ ಕಠಿಣಪದಕೋಶವೇ ಆ ಮೋಹಕ್ಕೆ ಸಾಧನವಾಯಿತು.

ಪರಿಚಿತ ಪದವೇ ಹೆಚ್ಚು ಅಪಾಯಕಾರಿಯೆಂಬುದು ಇತಿಹಾಸದ ವಿದ್ಯಾರ್ಥಿಗೆ ಪದೇ ಪದೇ ಅನುಭವಕ್ಕೆ ಬರುವ ಸಂಗತಿ. ಹದಿನೇಳನೆಯ ಶತಮಾನದಲ್ಲಿ ಕಾರವಾರದಲ್ಲಿ ಇಂಗ್ಲಿಷರ ‘ಫ್ಯಾಕ್ಟರಿ’ಯೊಂದು ಇತ್ತೆಂದು ಓದಿದವನು, ಇಂದಿನ ಅರ್ಥವನ್ನೇ ಹಿಡಿದು, ಅಲ್ಲಿ ಸರಕು ತಯಾರಾಗುತ್ತಿತ್ತೆಂದು ಭಾವಿಸಬಹುದು. ವಾಸ್ತವವಾಗಿ ಅದು ‘ಫ್ಯಾಕ್ಟರ್’ ಎಂಬ ವ್ಯಾಪಾರದ ಪ್ರತಿನಿಧಿಗಳು ವಾಸಿಸಿ, ಸರಕನ್ನು ಕೊಂಡು ಕೂಡಿಡುತ್ತಿದ್ದ ಕೋಠಿ. ಈ ಒಂದು ಪದವನ್ನು ತಪ್ಪಾಗಿ ತಿಳಿದರೆ, ವರ್ತಕರ ಯುಗವು ಯಂತ್ರೋದ್ಯಮದ ಯುಗವಾಗಿಬಿಡುತ್ತದೆ. ಹಾಗೆಯೇ ಡೇವಿಡ್ ಹ್ಯೂಮನು 1741ರ ಪ್ರಬಂಧವೊಂದರಲ್ಲಿ ‘ಎಂಥೂಸಿಯಾಸಂ’ ಎಂಬುದನ್ನು ಮೂಢನಂಬಿಕೆಯ ಜೊತೆಯಲ್ಲಿಟ್ಟು ಚರ್ಚಿಸುತ್ತಾನೆ. ತನಗೆ ದೇವರ ಪ್ರೇರಣೆ ನೇರವಾಗಿ ದೊರೆತಿದೆಯೆಂಬ ಮತೋನ್ಮಾದ ಅಲ್ಲಿನ ಅರ್ಥ. ಪಟ್ಟಿಯಲ್ಲಿ ‘ಉತ್ಸಾಹ’ ಎಂದು ಕಲಿತವನಿಗೆ ಆ ಪ್ರಬಂಧದ ವಾದವೇ ತಲೆಕೆಳಗಾಗಿ ತೋರುವುದು.

ಈ ಕೊರತೆಗೆ ಪರಿಹಾರವನ್ನು ತೋರಿದವರು ಮುಂದಿನ ಕೋಶಕಾರರು. ಸ್ಯಾಮ್ಯುಯಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಸುಮಾರು 42,000 ಪದಗಳನ್ನು ಸೇರಿಸಿ, ಒಂದು ಲಕ್ಷಕ್ಕೂ ಮೀರಿದ ಪ್ರಯೋಗಗಳನ್ನು ಗ್ರಂಥಗಳಿಂದ ಆಯ್ದು ಕೊಟ್ಟನು. ‘ಟೇಕ್’ ಎಂಬ ಸಣ್ಣ ಕ್ರಿಯಾಪದಕ್ಕೇ ಅವನು ನೂರಕ್ಕೂ ಹೆಚ್ಚು ಅರ್ಥಚ್ಛಾಯೆಗಳನ್ನು ಗುರುತಿಸಿದುದು, ಕಾಡ್ರಿಯ ಗೃಹೀತಕ್ಕೆ ಒಳ್ಳೆಯ ಉತ್ತರವಾಗಿದೆ. 1884ರಿಂದ 1928ರವರೆಗೆ ಭಾಗಭಾಗವಾಗಿ ಹೊರಬಂದ ಆಕ್ಸ್‌ಫರ್ಡ್ ನಿಘಂಟು, ಪ್ರತಿಯೊಂದು ಅರ್ಥದ ಪ್ರಯೋಗಗಳನ್ನೂ ಕಾಲಾನುಕ್ರಮದಲ್ಲಿ, ಇಸವಿಗಳ ಸಹಿತ ನೀಡಿತು. ಪದಕ್ಕೂ ಒಂದು ಚರಿತ್ರೆಯುಂಟೆಂಬುದು ಅದರಿಂದ ಎಲ್ಲರಿಗೂ ವಿಶದವಾಯಿತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಕಾವ್ಯ, ವ್ಯಾಕರಣ, ಗಾದೆಗಳಿಂದ ಪ್ರಯೋಗಗಳನ್ನು ಎತ್ತಿಕೊಡುವುದರಿಂದ, ಪ್ರಯೋಗವೇ ಅರ್ಥಕ್ಕೆ ಪ್ರಮಾಣವೆಂಬ ಈ ಮಾರ್ಗ ಕನ್ನಡಿಗರಿಗೂ ಹೊಸದಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು: ಹಳ್ಳಿಯ ಶಾಲೆಯಿಂದ ಕಾಲೇಜಿಗೆ ಬಂದವನು ಹತ್ತಾರು ಸಂಪುಟಗಳ ನಿಘಂಟನ್ನು ಎಲ್ಲಿ ಹುಡುಕಬೇಕು? ಅವನಿಗೆ ಪಟ್ಟಿಯೇ ಗತಿಯಲ್ಲವೆ? ಆಕ್ಷೇಪ ನ್ಯಾಯವಾದುದು. ಲ್ಯಾಟಿನ್ ಅರಿಯದವರಿಗೆ ವಿದ್ಯೆಯ ಬಾಗಿಲನ್ನು ಸ್ವಲ್ಪವಾದರೂ ತೆರೆದ ಕಾಡ್ರಿಯನ್ನು ಈ ಕಾರಣದಿಂದಲೇ ನಾವು ಗೌರವಿಸಬೇಕು. ಪಟ್ಟಿಯನ್ನು ತೊರೆಯಬೇಕಾಗಿಲ್ಲ, ಅಲ್ಲಿಯೇ ನಿಲ್ಲಬಾರದು. ಪದದ ಮುಂದೆ ಅರ್ಥವನ್ನು ಬರೆದುಕೊಳ್ಳುವ ವಿದ್ಯಾರ್ಥಿಯು, ಅದು ಕಂಡುಬಂದ ವಾಕ್ಯವನ್ನೂ ಆ ಗ್ರಂಥದ ಇಸವಿಯನ್ನೂ ಪಕ್ಕದಲ್ಲಿ ಬರೆದುಕೊಳ್ಳಲಿ. ಈ ಅಭ್ಯಾಸವನ್ನು ಮೊದಲ ವರ್ಷದಿಂದಲೇ ಹಿಡಿಸುವುದು ಇಂಗ್ಲಿಷ್ ಅಧ್ಯಾಪಕರ ಹೊಣೆ ಮಾತ್ರವಲ್ಲ. ಇಂಗ್ಲಿಷ್ ಆಕರಗಳನ್ನು ಓದಿಸುವ ಇತಿಹಾಸದ ಅಧ್ಯಾಪಕರದೂ ಹೌದು.