‘ಬೇಡ’ ಎಂಬ ಉತ್ತರದ ಬೆಲೆ

ಎರಿಕ್ ರೀಸ್ ಬರೆದ ‘ದಿ ಲೀನ್ ಸ್ಟಾರ್ಟಪ್’ 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪುಸ್ತಕ. ಹೊಸ ಉದ್ಯಮ ಆರಂಭಿಸಲು ಹೊರಟ ತರುಣರು ಇದನ್ನು ಇಂದಿಗೂ ಕೈಯಿಂದ ಕೈಗೆ ದಾಟಿಸಿಕೊಂಡು ಓದುತ್ತಾರೆ. ವ್ಯಾಪಾರದ ಪುಸ್ತಕವೊಂದನ್ನು ಕತೆಗಾರನಾದವನು ಯಾಕೆ ವಿಮರ್ಶಿಸಬೇಕು ಎಂದು ಯಾರಾದರೂ ಕೇಳಬಹುದು. ಈ ಪುಸ್ತಕ ತನ್ನ ವಾದವನ್ನೆಲ್ಲ ಕತೆಗಳ ಮೂಲಕವೇ ಹೇಳುತ್ತದೆ. ಕತೆಯೊಳಗೆ ಯಾರಿಗೆ ಜಾಗ ಸಿಕ್ಕಿದೆ, ಯಾರು ಹೊರಗುಳಿದಿದ್ದಾರೆ ಎಂದು ನೋಡುವುದು ನಮ್ಮಂಥವರ ಕಸುಬು.

ರೀಸ್ ಅವರ ಮೂಲ ಮಾತು ಇಷ್ಟು: ಹೊಸ ಉದ್ಯಮಿಯ ತಲೆಯಲ್ಲಿರುವುದು ಬರೀ ಊಹೆ. ಜನರಿಗೆ ಇದು ಬೇಕಾಗಿದೆ, ಇದಕ್ಕೆ ಅವರು ಹಣ ಕೊಡುತ್ತಾರೆ ಎಂಬ ಎರಡು ಊಹೆಗಳ ಮೇಲೆ ಆತ ಕಟ್ಟಡ ಎಬ್ಬಿಸಲು ಹೊರಡುತ್ತಾನೆ. ಅಡಿಪಾಯ ಗಟ್ಟಿಯಿದೆಯೇ ಎಂದು ಮೊದಲು ಪರೀಕ್ಷಿಸಬೇಕು. ಪರೀಕ್ಷೆಗೆ ಸಾಕಾಗುವಷ್ಟು ಮಾತ್ರ ಸರಕು ತಯಾರಿಸಬೇಕು, ಗಿರಾಕಿಯ ಮುಂದಿಡಬೇಕು, ಆತ ಏನು ಮಾಡುತ್ತಾನೆಂದು ಅಳೆಯಬೇಕು, ಕಲಿತು ತಿದ್ದಿಕೊಳ್ಳಬೇಕು. ಹೊಸ ಬೀದಿಗೆ ಗಾಡಿ ತಳ್ಳಿಕೊಂಡು ಹೋಗುವ ಹಣ್ಣಿನವನು ಮೊದಲ ದಿನ ಅರ್ಧ ಬುಟ್ಟಿಯನ್ನಷ್ಟೇ ಒಯ್ಯುವುದು ಇದೇ ವಿವೇಕದಿಂದ.

ಪುಸ್ತಕದ ಅತ್ಯುತ್ತಮ ಭಾಗ ರೀಸ್ ತಮ್ಮದೇ ಸೋಲನ್ನು ಹೇಳಿಕೊಳ್ಳುವ ಪುಟಗಳು. 2004ರಲ್ಲಿ ಅವರು ಗೆಳೆಯರೊಂದಿಗೆ ಐಎಂವಿಯು ಎಂಬ ಕಂಪೆನಿ ಕಟ್ಟಿದರು. ಇಂಟರ್‌ನೆಟ್‌ನಲ್ಲಿ ಗೊಂಬೆರೂಪ ತೊಟ್ಟು ಹರಟುವ ವ್ಯವಸ್ಥೆ ಅದು. ಜನ ಈಗಾಗಲೇ ಬಳಸುತ್ತಿದ್ದ ಹರಟೆಯ ಸಾಫ್ಟ್‌ವೇರ್‌ಗಳ ಜೊತೆ ಅದನ್ನು ಜೋಡಿಸಲು ತಿಂಗಳುಗಟ್ಟಲೆ ಹಗಲಿರುಳು ದುಡಿದರು. ಬಿಡುಗಡೆಯಾದಾಗ ಯಾರೂ ತಿರುಗಿ ನೋಡಲಿಲ್ಲ. ಕೊನೆಗೆ ಬಳಕೆದಾರರನ್ನು ಎದುರು ಕೂರಿಸಿಕೊಂಡು ಕೇಳಿದಾಗ ತಿಳಿದದ್ದು, ಅವರಿಗೆ ಬೇಕಾಗಿದ್ದವರು ಹೊಸ ಗೆಳೆಯರು. ಹಳೆಯ ಗೆಳೆಯರನ್ನು ಇಲ್ಲಿಗೆ ಕರೆತರಲು ಅವರಿಗೆ ಮನಸ್ಸಿರಲಿಲ್ಲ. ಬರೆದ ಸಾವಿರಾರು ಸಾಲುಗಳ ಪ್ರೋಗ್ರಾಮನ್ನು ಎಸೆಯಬೇಕಾಯಿತು. ಅದೇ ಪ್ರಶ್ನೆಯನ್ನು ಮೊದಲ ವಾರವೇ ಕೇಳಬಹುದಿತ್ತಲ್ಲ ಎಂಬ ಅವರ ಹಳಹಳಿಕೆ ಪ್ರಾಮಾಣಿಕವಾಗಿದೆ.

ಜಾಪೋಸ್ ಎಂಬ ಚಪ್ಪಲಿ ಕಂಪೆನಿಯ ಕತೆಯೂ ಇಲ್ಲಿದೆ. 1999ರಲ್ಲಿ ನಿಕ್ ಸ್ವಿನ್‌ಮರ್ನ್ ಎಂಬಾತ ಹತ್ತಿರದ ಅಂಗಡಿಗಳಿಗೆ ಹೋಗಿ ಬೂಟುಗಳ ಫೋಟೋ ತೆಗೆದು ಇಂಟರ್‌ನೆಟ್‌ಗೆ ಹಾಕಿದ. ಯಾರಾದರೂ ಬೇಕೆಂದರೆ ಅದೇ ಅಂಗಡಿಯಿಂದ ಪೂರ್ತಿ ಬೆಲೆ ಕೊಟ್ಟು ಕೊಂಡು ಕಳಿಸಿದ. ಗೋದಾಮು ಇಲ್ಲದೆಯೇ, ಕಾಲಿಗೆ ಹಾಕಿ ನೋಡದೆ ಜನ ಬೂಟು ಕೊಳ್ಳುತ್ತಾರೆ ಎಂಬುದು ಸಾಬೀತಾಯಿತು. ಅದೇ 1999ರಲ್ಲಿ, ದಿನಸಿಯನ್ನು ಮನೆಗೆ ತಲುಪಿಸುವ ವೆಬ್‌ವ್ಯಾನ್ ಎಂಬ ಕಂಪೆನಿ ಷೇರು ಮಾರಿ 37.5 ಕೋಟಿ ಡಾಲರ್ ಎತ್ತಿತು. ಒಂದು ಊರಿನಲ್ಲಿ ಲಾಭ ಕಾಣುವ ಮುನ್ನವೇ ಹಲವು ಊರುಗಳಲ್ಲಿ ಯಂತ್ರಗಳ ಗೋದಾಮು ಕಟ್ಟಲು ಹೊರಟಿತು. 2001ರ ಜುಲೈನಲ್ಲಿ ದಿವಾಳಿಯಾಯಿತು. ಹೂಡಿಕೆದಾರನ ಮೆಚ್ಚುಗೆಯನ್ನು ಗಿರಾಕಿಯ ಒಪ್ಪಿಗೆ ಎಂದು ತಿಳಿಯುವುದು ಎಷ್ಟು ದುಬಾರಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ಆಕ್ಷೇಪಣೆಗಳು. ರೀಸ್ ಹೊಗಳುವ ಇನ್ನೊಂದು ಉದಾಹರಣೆ ಡ್ರಾಪ್‌ಬಾಕ್ಸ್‌ನದು. ಸರಕು ಪೂರ್ತಿ ಸಿದ್ಧವಾಗುವ ಮೊದಲೇ ಅವರೊಂದು ಪುಟ್ಟ ವಿಡಿಯೋ ಹೊರಬಿಟ್ಟರು. ಕಾಯುವವರ ಪಟ್ಟಿ 5,000ದಿಂದ ಒಮ್ಮೆಲೇ 75,000ಕ್ಕೆ ಏರಿತು. ಆದರೆ ಪಟ್ಟಿಯಲ್ಲಿ ಹೆಸರು ಬರೆಸುವುದಕ್ಕೆ ಕಾಸು ಖರ್ಚಾಗುವುದಿಲ್ಲ. ಮುಶಾಯಿರಾದಲ್ಲಿ ‘ವಾಹ್ ವಾಹ್’ ಎಂದವರೆಲ್ಲ ಕವಿಯ ಪುಸ್ತಕ ಕೊಳ್ಳುವುದಿಲ್ಲ ಎಂಬುದು ಬರೆಯುವವರಿಗೆಲ್ಲ ಗೊತ್ತು. ಜಾಪೋಸ್ ಪ್ರಯೋಗದಲ್ಲಿ ಗಿರಾಕಿ ಹಣ ಕೊಟ್ಟಿದ್ದ. ಆದ್ದರಿಂದ ಅದರ ಸಾಕ್ಷ್ಯ ಹೆಚ್ಚು ತೂಕದ್ದು. ಆದರೂ ಪೂರ್ತಿ ಬೆಲೆಗೆ ಕೊಂಡು ಮಾರಿದರೆ ಉಳಿಯುವುದೇನು? ಜನರಿಗೆ ಬೇಕು ಎಂದು ತಿಳಿಯುವುದು ಒಂದು, ಆ ಮಾರಾಟದಿಂದ ಮನೆ ನಡೆಯುತ್ತದೆ ಎಂದು ತಿಳಿಯುವುದು ಇನ್ನೊಂದು. ಸ್ವಂತ ದುಡ್ಡಿನಲ್ಲಿ ನಿಲ್ಲಬೇಕಾದವನಿಗೆ ಎರಡನೆಯದೇ ಮುಖ್ಯ. ಪುಸ್ತಕದಲ್ಲಿ ಅದರ ಪಾಲು ಸಣ್ಣದು.

ನಮ್ಮ ಬೆಂಗಳೂರಿನ ಕತೆಗಳನ್ನು ಪಕ್ಕದಲ್ಲಿಟ್ಟರೆ ಇನ್ನೊಂದು ಕೊರತೆಯೂ ಕಾಣುತ್ತದೆ. ಈ ಪುಸ್ತಕ ಬರುವುದಕ್ಕೆ ನಾಲ್ಕು ವರ್ಷ ಮೊದಲೇ, 2007ರಲ್ಲಿ, ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಇಲ್ಲಿ ಫ್ಲಿಪ್‌ಕಾರ್ಟ್ ಆರಂಭಿಸಿದರು. ಮಾರಿದ್ದು ಪುಸ್ತಕ ಮಾತ್ರ, ಅದನ್ನೂ ದಾಸ್ತಾನಿಡದೆ. ಆರ್ಡರ್ ಬಂದ ಮೇಲೆ ಹುಡುಕಿ ಕಳಿಸುತ್ತಿದ್ದರು. ಮೊದಲ ಆರ್ಡರು ಬಂದಾಗ ಆ ಪುಸ್ತಕಕ್ಕಾಗಿ ಊರೆಲ್ಲ ಅಲೆದು ಕೊನೆಗೆ ಸಪ್ನ ಬುಕ್ ಹೌಸ್‌ನಲ್ಲಿ ಪಡೆದರಂತೆ. ಹೊರಗಿನ ಹೂಡಿಕೆದಾರನ ದೊಡ್ಡ ಹಣ ಬಂದದ್ದು 2009ರಲ್ಲಿ. ಅಷ್ಟರಲ್ಲಿ ಕೊಳ್ಳುವವರಿದ್ದಾರೆ ಎಂಬುದಕ್ಕೆ ಅವರ ಬಳಿ ಲೆಕ್ಕವಿತ್ತು. ಇದೇ ಊರಿನ ಜೆರೋಧಾ 2010ರಲ್ಲಿ ಶುರುವಾಗಿ, ಷೇರು ವಹಿವಾಟಿಗೆ ಇಂತಿಷ್ಟೇ ಎಂದು ಗಿರಾಕಿಯಿಂದ ಪಡೆದ ಶುಲ್ಕದಲ್ಲೇ ಬೆಳೆಯಿತು. ಹೊರಗಿನ ಬಂಡವಾಳವನ್ನು ಮುಟ್ಟಲಿಲ್ಲ. ಎರಡೂ ದಾರಿ ಸಾಧ್ಯ ಎಂದಾಯಿತು.

ಇಂಥ ಕತೆಗಳಲ್ಲೆಲ್ಲ ‘ಸ್ವಂತ ದುಡ್ಡು’ ಎಂಬ ಮಾತು ಹೆಮ್ಮೆಯಿಂದ ಬರುತ್ತದೆ. ಅದು ಯಾರ ದುಡ್ಡು? ಬನ್ಸಲ್‌ಗಳಿಗೆ ದೆಹಲಿ ಐಐಟಿಯ ಪದವಿಯಿತ್ತು, ಅಮೆಜಾನ್‌ನಲ್ಲಿ ದುಡಿದ ಸಂಬಳದ ಉಳಿತಾಯವಿತ್ತು. ಸೋತರೆ ಮರಳಲು ನೌಕರಿಯ ಬಾಗಿಲು ತೆರೆದಿತ್ತು. 1981ರಲ್ಲಿ ಇನ್ಫೋಸಿಸ್ ಶುರುವಾದದ್ದು ಸುಧಾ ಮೂರ್ತಿಯವರು ತಮ್ಮ ಉಳಿತಾಯದಿಂದ ಕೊಟ್ಟ 10,000 ರೂಪಾಯಿಯಿಂದ ಎಂಬುದು ಕನ್ನಡಿಗರಿಗೆಲ್ಲ ಬಾಯಿಪಾಠ. ಆ ಮೊತ್ತವನ್ನು ನಾವು ನೆನಪಿಡುತ್ತೇವೆ. ದುಡಿಯುವ ಇಂಜಿನಿಯರ್ ಒಬ್ಬರು ಆ ಮನೆಯಲ್ಲಿದ್ದರು ಎಂಬುದರ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಂಪೆನಿಯ ಷೇರು ಸಾರ್ವಜನಿಕರ ಕೈಗೆ ಬಂದದ್ದು 1993ರಲ್ಲಿ, ಹನ್ನೆರಡು ವರ್ಷಗಳ ನಂತರ.

ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದ ಅಬ್ಬನ ಮಗ, ಬೀಡಿ ಕಟ್ಟಿದ ಅಮ್ಮಿಯ ಮಗಳು ಇದೇ ದಾರಿಯಲ್ಲಿ ಹೊರಟರೆ ‘ಸ್ವಂತ ದುಡ್ಡು’ ಎಂದರೆ ಅಮ್ಮಿಯ ಕೈಬಳೆ, ತಂಗಿಯ ಮದುವೆಗೆ ಕೂಡಿಟ್ಟ ಚೀಟಿಯ ಹಣ. ರೀಸ್ ಅವರ ಪುಸ್ತಕದಲ್ಲಿ ಸೋಲು ಒಂದು ಪಾಠ. ಈ ಮನೆಗಳಲ್ಲಿ ಅದು ಗಿರವಿ ಅಂಗಡಿಯ ರಸೀದಿಯೂ ಹೌದು. ಪುಸ್ತಕ ಅಳೆಯಿರಿ ಎನ್ನುವಾಗ ಗಿರಾಕಿಗಳ ಸಂಖ್ಯೆಯನ್ನು ಅಳೆಯಲು ಕಲಿಸುತ್ತದೆ. ಮನೆಯವರ ತಾಳಿಕೆಯನ್ನು ಅಳೆಯಲು ಕಲಿಸುವುದಿಲ್ಲ.

ಹಾಗೆಂದು ಈ ವಿಧಾನ ಬಡವರಿಗಲ್ಲ ಎಂದು ತಳ್ಳಿಹಾಕುವಂತಿಲ್ಲ. ಅವರಿಗೇ ಇದು ಹೆಚ್ಚು ಬೇಕು. ಶ್ರೀಮಂತನ ಮಗ ಎರಡು ವರ್ಷ ಕಳೆದು ‘ಇದು ಯಾರಿಗೂ ಬೇಡ’ ಎಂದು ತಿಳಿದರೂ ಬದುಕಿಯಾನು. ಉಳಿದವರಿಗೆ ಆ ಉತ್ತರ ಎರಡು ವಾರದಲ್ಲಿ, ಎರಡು ಸಾವಿರ ರೂಪಾಯಿಯೊಳಗೆ ಸಿಗಬೇಕು. ನೌಕರಿ ಬಿಡುವ ಮುನ್ನ, ಬಾಡಿಗೆ ಅಂಗಡಿಗೆ ಅಡ್ವಾನ್ಸ್ ಕೊಡುವ ಮುನ್ನ, ಹತ್ತು ಜನ ಅಪರಿಚಿತರಿಗೆ ಮಾರಿ ನೋಡಬೇಕು. ನೆಂಟರು ಸಂಕೋಚಕ್ಕೆ ಕೊಳ್ಳುತ್ತಾರೆ, ಅದನ್ನು ಲೆಕ್ಕಕ್ಕೆ ಸೇರಿಸಬಾರದು. ಹತ್ತರಲ್ಲಿ ಎಷ್ಟು ಜನ ಎರಡನೆಯ ಸಲ ಬಂದರು ಎಂದು ಬರೆದಿಡಬೇಕು. ಇಷ್ಟರ ಮೇಲೆ ಒಂದು ಕಾಸೂ ಹೋಗಕೂಡದು ಎಂಬ ಗೆರೆಯನ್ನು ಮನೆಯವರೆಲ್ಲ ಕೂತು ಮೊದಲೇ ಎಳೆಯಬೇಕು. ಬಳೆ ಯಾರದೋ ಅವರಿಗೂ ಆ ಮಾತುಕತೆಯಲ್ಲಿ ಜಾಗವಿರಬೇಕು.

ಇಷ್ಟೆಲ್ಲ ಆದ ಮೇಲೆ ಹೂಡಿಕೆದಾರನ ಬಳಿ ಹೋಗುವವನ ಕೈಯಲ್ಲಿ ಮಾರಾಟದ ಲೆಕ್ಕದ ಪುಸ್ತಕವಿರುತ್ತದೆ. ಕನಸನ್ನು ಮಾತ್ರ ಹೊತ್ತು ಹೋದವನು ತನ್ನ ಕಂಪೆನಿಯ ಪಾಲನ್ನು ಅಗ್ಗಕ್ಕೆ ಬಿಟ್ಟುಕೊಡಬೇಕಾಗುತ್ತದೆ; ಲೆಕ್ಕ ಹಿಡಿದು ಹೋದವನು ಬೆಲೆ ಚೌಕಾಸಿ ಮಾಡಬಲ್ಲ, ಬೇಡವೆಂದು ಎದ್ದು ಬರಲೂ ಬಲ್ಲ. ರೀಸ್ ಅವರ ಪುಸ್ತಕವನ್ನು ನಮ್ಮ ಹುಡುಗ ಹುಡುಗಿಯರು ಖಂಡಿತ ಓದಲಿ. ಓದುವಾಗ ಅಂಚಿನಲ್ಲಿ ತಮ್ಮ ಮನೆಯ ಲೆಕ್ಕವನ್ನೂ ಪೆನ್ಸಿಲಿನಲ್ಲಿ ಬರೆದುಕೊಳ್ಳಲಿ.