ಗ್ಲೈಡರ್ ಹತ್ತಲು ಮಧ್ಯಾಹ್ನವೇ ಸರಿ

ಮೊದಲ ಸಲ ಗ್ಲೈಡರ್ ಹತ್ತುವವರು ಸಾಮಾನ್ಯವಾಗಿ ಮುಂಜಾನೆಯ ಹೊತ್ತು ಕೇಳುತ್ತಾರೆ. ತಂಪಿರುತ್ತದೆ, ಕುಲುಕಾಟವಿಲ್ಲ, ಫೋಟೊ ಚೆನ್ನಾಗಿ ಬರುತ್ತದೆ ಎಂಬ ಲೆಕ್ಕ. ನನ್ನನ್ನು ಕೇಳಿದರೆ, ಮಧ್ಯಾಹ್ನ ಒಂದು ಗಂಟೆಯ ಬಿಸಿಲಿಗೆ ಹೋಗಿ. ಎಂಜಿನ್ನಿಲ್ಲದ ವಿಮಾನ ಆಕಾಶದಲ್ಲಿ ಹೇಗೆ ಉಳಿಯುತ್ತದೆ ಎಂಬುದು ಅರ್ಥವಾಗುವುದು ಆಗಲೇ.

ಸುತ್ತಲಿನ ಗಾಳಿಯ ಲೆಕ್ಕದಲ್ಲಿ ಗ್ಲೈಡರ್ ಸದಾ ಇಳಿಯುತ್ತಲೇ ಇರುತ್ತದೆ. ಘಾಟಿಯ ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಸಾಗುವ ಸೈಕಲ್ಲಿನಂತೆ ಎತ್ತರವನ್ನು ಕೊಟ್ಟು ವೇಗವನ್ನು ಪಡೆಯುತ್ತದೆ. ಕ್ಲಬ್ಬುಗಳ ನೆಚ್ಚಿನ ಎರಡು ಸೀಟಿನ ಜರ್ಮನ್ ಗ್ಲೈಡರ್ ಎಎಸ್‌ಕೆ 21, ಒಂದು ಕಿಲೊಮೀಟರ್ ಕೆಳಗಿಳಿಯುವಷ್ಟರಲ್ಲಿ ಸುಮಾರು 34 ಕಿ.ಮೀ. ಮುಂದೆ ಹೋಗಬಲ್ಲದು. ನಿಧಾನವಾಗಿ ಹಾರಿಸಿದರೆ ಸೆಕೆಂಡಿಗೆ ಇಳಿಯುವುದು ಮುಕ್ಕಾಲು ಮೀಟರಿನಷ್ಟು. ಪುಣೆಯ ಹಡಪ್ಸರದಲ್ಲಿ ನಡೆದುಬಂದಂತೆ ವಿಂಚ್ ಯಂತ್ರದ ಹಗ್ಗ ನಿಮ್ಮನ್ನು ಕಡಿದಾಗಿ ಮೇಲೆಳೆದು 300 ಮೀಟರ್ ಎತ್ತರದಲ್ಲಿ ಬಿಟ್ಟಿತೆನ್ನಿ. ಅಲುಗದ ಗಾಳಿಯಲ್ಲಿ ಆರೇಳು ನಿಮಿಷಕ್ಕೆ ನೆಲ ಮುಟ್ಟಿರುತ್ತೀರಿ. ಮುಂಜಾನೆಯ ಹಾರಾಟ ಅಷ್ಟೇ.

ಬಿಸಿಲೇರಿದ ಮೇಲೆ ಕಥೆ ಬೇರೆ. ಉತ್ತ ಹೊಲ, ಬಂಡೆ, ಡಾಂಬರು ಬೇಗ ಕಾಯುತ್ತವೆ; ಕೆರೆ ಕಾಯುವುದಿಲ್ಲ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇಳುತ್ತದೆ. ಇದೇ ಥರ್ಮಲ್. ಒಳ್ಳೆಯದೊಂದು ಸೆಕೆಂಡಿಗೆ ಮೂರು ಮೀಟರ್ ಏರಿದರೆ, ಗ್ಲೈಡರಿನ ಇಳಿತ ಕಳೆದೂ ಎರಡು ಮೀಟರ್ ಉಳಿಯಿತು. ಅದರೊಳಗೇ ಸುತ್ತುತ್ತಿದ್ದರೆ ಐದು ನಿಮಿಷಕ್ಕೆ 600 ಮೀಟರ್. ಗಾಳಿ ಕಣ್ಣಿಗೆ ಕಾಣದು, ಗುರುತು ಕಾಣುತ್ತದೆ: ಚಪ್ಪಟೆ ತಳದ ಬಿಳಿ ಮೋಡ, ರೆಕ್ಕೆ ಬಡಿಯದೆ ಸುತ್ತುವ ಹದ್ದು.

ಜರ್ಮನಿಯ ವಾಸರ್‌ಕುಪ್ಪೆ ಬೆಟ್ಟದಲ್ಲಿ 1920ರಲ್ಲಿ ಸ್ಪರ್ಧೆಗಳು ಶುರುವಾದಾಗ ಹಾರುಗರು ನಂಬಿದ್ದು ಇಳಿಜಾರಿಗೆ ಬಡಿದು ಮೇಲೇಳುವ ಗಾಳಿಯನ್ನು. ಆ ದಶಕದ ಕೊನೆಗೆ ಆಸ್ಟ್ರಿಯಾದ ರಾಬರ್ಟ್ ಕ್ರೋನ್‌ಫೆಲ್ಡ್ ಏರಿಳಿತ ತೋರಿಸುವ ವೇರಿಯೋಮೀಟರನ್ನು ಜೊತೆಗೊಯ್ದ ಮೇಲೆ ಬೆಟ್ಟದ ಹಂಗು ತಪ್ಪಿತು. ಪರ್ವತ ದಾಟಿದ ಗಾಳಿ ಎಬ್ಬಿಸುವ ಅಲೆಗಳು ಇನ್ನೂ ಮೇಲೊಯ್ಯುತ್ತವೆ: 2018ರಲ್ಲಿ ಅರ್ಜೆಂಟೀನಾದಲ್ಲಿ ಪರ್ಲಾನ್ 2 ಗ್ಲೈಡರ್ 76,000 ಅಡಿ ದಾಟಿತು.

ನಿಮ್ಮ ಮೊದಲ ಹಾರಾಟದಲ್ಲಿ ಗಮನಿಸಬೇಕಾದ್ದು ಒಂದು ಕ್ಷಣ. ಥರ್ಮಲ್ ಹೊಕ್ಕಾಗ ಸೀಟು ಕೆಳಗಿನಿಂದ ಒತ್ತುತ್ತದೆ. ವೇರಿಯೋಮೀಟರಿನ ಮುಳ್ಳು ಏಳುವುದು ಅದಾದ ಮೇಲೆ. ಪಳಗಿದವರು ಮುಳ್ಳಿಗೆ ಕಾಯದೆ ರೆಕ್ಕೆ ವಾಲಿಸಿಬಿಡುತ್ತಾರೆ.

ಇಳಿಯುವಾಗ ಎರಡನೇ ಅವಕಾಶವಿಲ್ಲ. ಅದಕ್ಕೇ ಎತ್ತರ ಕೈಯಲ್ಲಿರುವಾಗಲೇ ಮೈದಾನದ ಸುತ್ತು ಹಿಡಿದು, ಹೆಚ್ಚಾದದ್ದನ್ನು ರೆಕ್ಕೆಯ ಏರ್‌ಬ್ರೇಕ್ ತೆರೆದು ಕಳೆಯುತ್ತಾರೆ.

ಕುಲುಕಾಟಕ್ಕೆ ಅಂಜಬೇಡಿ, ಎತ್ತರ ಸಿಗುವುದು ಆ ಗಾಳಿಯಲ್ಲೇ. ತಿಂಡಿ ಹಗುರವಾಗಿರಲಿ, ಸುತ್ತುವಾಗ ಕಣ್ಣು ದಿಗಂತದ ಮೇಲಿರಲಿ. ಹಿಂದಿನ ಸೀಟಿನ ಬೋಧಕರಿಗೆ ಮೊದಲೇ ಹೇಳಿಡಿ: "ಥರ್ಮಲ್ ಸಿಕ್ಕಿದರೆ ಬಿಡಬೇಡಿ, ಸಾರ್." ಅವರಿಗೂ ಬೇಕಾಗಿರುವುದು ಅದೇ.